ಪಡಸಾಲೆಯಲ್ಲಿ ಉಂಡವನು

ಮುತ್ತುಗದ ಎಲೆಯ ವಾಸನೆ ಗೋದಾಬಾಯಿಗೆ ಚಿಕ್ಕಂದಿನಲ್ಲಿ ಊಟದ ವಾಸನೆಯಾಗಿತ್ತು. ಧಾರವಾಡದ ಮನೆಯಲ್ಲಿ ಅಜ್ಜಿ ಒಣಗಿದ ಎಲೆಗಳ ಮೇಲೆ ನೀರು ಚಿಮುಕಿಸಿ, ಮಡಿಲಲ್ಲಿ ಕಡ್ಡಿ ಇಟ್ಟುಕೊಂಡು ಪತ್ರಾವಳಿ ಹಚ್ಚುತ್ತ ಕೂತಳೆಂದರೆ, ನಾಳೆ ಮನೆ ತುಂಬ ಮಂದಿ ಉಣ್ಣುತ್ತಾರೆ ಎಂದೇ ಅರ್ಥ. ಆ ಎಲೆಯ ಮೇಲೆ ಬಿಸಿ ಅನ್ನ ಬಿದ್ದಾಗ ಏಳುತ್ತಿದ್ದ ಒಗರು ವಾಸನೆಗೆ ಹುಡುಗಿಯ ಬಾಯಲ್ಲಿ ನೀರೂರುತ್ತಿತ್ತು.

ನಲವತ್ತಮೂರನೆಯ ಇಸವಿಯಿಂದ ಈಚೆಗೆ ಮಾತ್ರ ಆ ವಾಸನೆ ಬಂದರೆ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದಳು. ಆ ವರ್ಷ, ಅಣ್ಣನ ಸಂಸಾರ ನೆಲೆಸಿದ್ದ ಪುಣೆಯಲ್ಲಿ, ಮುಠಾ ನದಿಯ ದಂಡೆಯ ಮೇಲೆ, ಪುರೋಹಿತರು ಮುನ್ನೂರ ಅರವತ್ತು ಮುತ್ತುಗದ ತೊಟ್ಟುಗಳನ್ನು ಮನುಷ್ಯನ ಆಕಾರಕ್ಕೆ ಜೋಡಿಸಿ, ತಲೆಯ ಜಾಗಕ್ಕೆ ತೆಂಗಿನಕಾಯಿ ಇಟ್ಟು, ಅದಕ್ಕೆ ಅವಧೂತನೆಂದು ಹೆಸರು ಹೇಳಿ ಸುಟ್ಟಿದ್ದರು. ಅದು ಹೆಂಗಸರು ಹೋಗುವ ಜಾಗವಲ್ಲ. ಆದರೆ ಹಿಂದಿನ ದಿನ ಅಂಗಳದಲ್ಲಿ ಕೂತು, ಎಲೆ ಬಿಡಿಸಿ, ತೊಟ್ಟು ಎಣಿಸಿ ಕೊಟ್ಟವಳು ಗೋದಾಬಾಯಿಯೇ.

ಅವಧೂತ ಆಕೆಯ ಅಣ್ಣ ಪ್ರಲ್ಹಾದರಾಯರ ಮಗ. ತಾಯಿಯಿಲ್ಲದ ಅವನನ್ನೂ ಅವನ ತಂಗಿ ಭಾಮಾಳನ್ನೂ ಬೆಳೆಸಿದವಳು ಆಕೆ. ಸೈನ್ಯದ ಸರಬರಾಜು ಖಾತೆಯ ಕಾರಕೂನನಾಗಿ ಅವನು ನಲವತ್ತೊಂದರಲ್ಲಿ ಸಿಂಗಾಪುರಕ್ಕೆ ಹೋದಾಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಮುಂದಿನ ವರ್ಷ ಸಿಂಗಾಪುರ ಜಪಾನಿಯರ ಕೈಗೆ ಹೋಯಿತು. ‘ಪತ್ತೆಯಿಲ್ಲ, ಮೃತನೆಂದು ನಂಬಲಾಗಿದೆ’ ಎಂದು ಸರಕಾರದ ಕಾಗದ ಬಂತು.

ಪತ್ತೆಯಿಲ್ಲದವನಿಗಾಗಿ ಹನ್ನೆರಡು ವರ್ಷ ಕಾಯಬೇಕೆಂದು ಶಾಸ್ತ್ರ. ಪ್ರಲ್ಹಾದರಾಯರು ಒಂದು ವರ್ಷ ಕಾಯ್ದರು. ಭಾಮಾಳಿಗೆ ಬೆಳಗಾವಿಯ ಒಳ್ಳೆಯ ಮನೆತನದ ಸಂಬಂಧ ಬಂದಿತ್ತು. “ಇದ್ದಾನೋ ಇಲ್ಲೋ ತಿಳಿಯದ ಮನಿಯೊಳಗ ಮಂಗಲಕಾರ್ಯ ಹ್ಯಾಂಗ ಮಾಡೋದ್ರಿ? ಎರಡರಾಗ ಒಂದು ಹೇಳಿಬಿಡ್ರಿ” ಎಂದಿದ್ದರು ಬೀಗರು. ರಾಯರು ಎರಡರಲ್ಲಿ ಒಂದು ಹೇಳಿಬಿಟ್ಟರು. ಎಲೆಯ ದೇಹ ಸುಟ್ಟು, ವರ್ಷ ತುಂಬುವುದರೊಳಗೆ ಮಗಳ ಮದುವೆ ಮುಗಿಸಿದರು. ಸೊಸೆ ಇಂದೂ ಇಪ್ಪತ್ತೊಂದನೆಯ ವಯಸ್ಸಿಗೆ ಬಳೆ ಒಡೆದುಕೊಂಡು, ಹಣೆ ಒರೆಸಿಕೊಂಡು, ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಯೊಂದರಲ್ಲಿ ಮಾಸ್ತರಿಣಿಯಾದಳು.

ನಲವತ್ತಾರರ ಫೆಬ್ರುವರಿಯ ಒಂದು ಬೆಳಿಗ್ಗೆ ಗೋದಾಬಾಯಿ ಒದ್ದೆ ಸೀರೆಯಲ್ಲಿ ಮಡಿನೀರಿನ ಕೊಡ ಹೊತ್ತು ಒಳಗೆ ಹೋಗುತ್ತಿದ್ದಾಗ ಬಾಗಿಲಲ್ಲಿ ಯಾರೋ “ಅತ್ಯಾ” ಎಂದರು.

ಕೆನ್ನೆ ಬತ್ತಿದ, ಖಾಕಿ ಅಂಗಿಯ ಗಂಡಸು. ಕೈಯಲ್ಲಿ ತಗಡಿನ ಟ್ರಂಕು. ಆಕೆಗೆ ಗುರುತು ಹತ್ತಿತು. ಗುರುತು ಹತ್ತಿದ ಕೂಡಲೇ ಅವನು ಕಾಲಿಗೆ ಬೀಳಲು ಬಂದ. ಆಕೆ ಸೀರೆ ಒತ್ತಿಹಿಡಿದು ಎರಡು ಹೆಜ್ಜೆ ಹಿಂದೆ ಸರಿದಳು. ಮೂವತ್ತು ವರ್ಷ ಮಡಿ ಕಾಯ್ದ ಮೈ. ಮನಸ್ಸಿನ ಅಪ್ಪಣೆ ಕೇಳಲಿಲ್ಲ.

ಸದ್ದು ಕೇಳಿ ಹೊರಗೆ ಬಂದ ಪ್ರಲ್ಹಾದರಾಯರು ಬಾಗಿಲ ಚೌಕಟ್ಟು ಹಿಡಿದು ನಿಂತರು. ಅವರ ಕಣ್ಣಿಂದ ನೀರು ಸುರಿಯುತ್ತಿತ್ತು. ಕೈ ಮುಂದೆ ಚಾಚಿದವರು ಅರ್ಧಕ್ಕೇ ನಿಲ್ಲಿಸಿದರು.

“ಅಲ್ಲೇ ಕೂಡಪ್ಪಾ, ಪಡಸಾಲ್ಯಾಗ” ಎಂದರು. “ಗೋದಾ, ನೀರು ಕೊಡು. ಮ್ಯಾಲಿಂದ ಹಾಕು.”

ಕ್ರಿಯೆ ಮುಗಿದವನಿಗೆ ಅಂದಿನ ಊಟ ಪಡಸಾಲೆಯಲ್ಲಿ. ಮರುದಿನವೂ. ಹಾಸಿಗೆಯೂ ಅಲ್ಲೇ.

ಸಿಂಗಾಪುರ ಬಿದ್ದ ಮೇಲೆ ಅವನು ಸೇರಿದ್ದ ಫೌಜಿನ ಸುದ್ದಿ ಹಬ್ಬಿ, ಮೂರನೆಯ ದಿನ ಓಣಿಯ ತರುಣರು ಡೋಲು ಬಾರಿಸುತ್ತ ಬಂದರು. ಆಜಾದ್ ಹಿಂದ್ ಫೌಜಿನ ಸಿಪಾಯಿ ನಮ್ಮ ಓಣಿಯವನೆಂದು ಅವಧೂತನ ಕೊರಳಿಗೆ ಹಾರದ ಮೇಲೆ ಹಾರ ಹಾಕಿ, ಜಯಹಿಂದ್ ಕೂಗಿ, ಹೆಗಲ ಮೇಲೆ ಹೊತ್ತು ಮೂಲೆಯವರೆಗೆ ಮೆರೆಸಿ ತಂದುಬಿಟ್ಟರು. ರಾಯರು ಒಳಗೆ ಕಿಟಕಿ ಮುಚ್ಚಿಕೊಂಡು ಕೂತಿದ್ದರು. ಕ್ಯಾಂಪಿನ ಕಚೇರಿಯೊಂದರಲ್ಲಿ ಮೂವತ್ತು ವರ್ಷ ದುಡಿದು ಹೆಡ್ ಕ್ಲಾರ್ಕ್ ಆಗಿ ನಿವೃತ್ತರಾದವರು ಅವರು. ಸರಕಾರಕ್ಕೆ ಎದುರು ನಿಂತ ಮಗನ ಮನೆಯ ಮುಂದೆ ಡೋಲು ಬಾರಿಸಿದ್ದನ್ನು ಯಾರು ಎಲ್ಲಿ ಬರೆದುಕೊಳ್ಳುತ್ತಾರೋ ಎಂಬ ದಿಗಿಲು.

ಮಂದಿ ಹೋದ ಮೇಲೆ ಅವಧೂತ ಹಾರಗಳನ್ನು ಗೂಟಕ್ಕೆ ಹಾಕಿ ತಾಟಿನ ಮುಂದೆ ಕೂತ.

“ಹಾರ ಹಾಕಿದವರು ನೂರು ಮಂದಿ, ಅತ್ಯಾ. ನಮ್ಮ ಮನಿಗೆ ಉಣ್ಣಾಕ ಬಾ ಅಂತ ಎಲಿ ಹಾಕಿದವರು ಒಬ್ಬರೂ ಇಲ್ಲ” ಎಂದು ನಕ್ಕ. ಗೋದಾಬಾಯಿ ದೂರದಿಂದ ಅನ್ನ ಬಡಿಸಿದಳು. ಎತ್ತರದಿಂದ ಬಿದ್ದ ಅನ್ನ ತಾಟಿನ ಹೊರಗೂ ಚೆಲ್ಲಿತು. ಅವನು ಅದನ್ನು ಒಂದೊಂದೇ ಅಗುಳು ಹೆಕ್ಕಿಕೊಂಡು ತಿಂದ.

ಅನ್ನವೂ ಹೆಚ್ಚಿರಲಿಲ್ಲ. ಸತ್ತವನೆಂದು ಅವನ ಹೆಸರು ರೇಶನ್ ಕಾರ್ಡಿನಿಂದ ಹೊಡೆದುಹೋಗಿತ್ತು. ಮೂವರ ಅಕ್ಕಿಯಲ್ಲಿ ನಾಲ್ವರು ಉಣ್ಣಬೇಕು. ಇಂದೂ ಶಾಲೆ ಬಿಟ್ಟ ಮೇಲೆ ರೇಶನ್ ಕಚೇರಿಯ ಸಾಲಿನಲ್ಲಿ ಎರಡು ದಿನ ನಿಂತು ಬಂದಳು.

“ಏನಂದ್ರು?” ಎಂದು ರಾಯರು ಕೇಳಿದರು.

“ಜೀವಂತ ಇದ್ದಾರಂತ ಸರ್ಟಿಫಿಕೇಟ್ ಬೇಕಂತ, ಮಾವಾ.”

ಹೊರಗಿನಿಂದ ಅವಧೂತ ಕೂಗಿದ: “ಅಪ್ಪಾ, ಪೆನ್ಶನ್ನಿಗೆ ನೀವು ವರ್ಷಾ ಜೀವಂತ ಅದೀನಂತ ಬರದು ಕೊಡ್ತೀರಲ್ಲ, ಈ ವರ್ಷ ಅದರಾಗ ನನ್ನ ಹೆಸರೂ ಸೇರಿಸಿಬಿಡ್ರಿ!”

ಇಂದೂ ಸೆರಗಿನೊಳಗೆ ನಕ್ಕಳು. ಮೂರು ವರ್ಷದಲ್ಲಿ ಆ ನಗು ಗೋದಾಬಾಯಿ ಕೇಳಿರಲಿಲ್ಲ. ರಾಯರು ನಗಲಿಲ್ಲ. “ಸರಕಾರದ್ದು ಆಮ್ಯಾಲ. ಮೊದಲು ಧರ್ಮದ ಸರ್ಟಿಫಿಕೇಟ್ ಬರಲಿ” ಎಂದರು. ಧಾರವಾಡದ ಶಾಸ್ತ್ರಿಗಳೊಬ್ಬರಿಗೆ ಅವರು ಪತ್ರ ಬರೆದಿದ್ದರು.

ಉತ್ತರ ಬರಲು ಮೂರು ವಾರ ಹಿಡಿಯಿತು. ಅಷ್ಟು ದಿನವೂ ಮನೆಯಲ್ಲಿ ಎಲ್ಲರೂ ಕಾಲ ಸಪ್ಪಳವಾಗದಂತೆ ನಡೆದಾಡಿದರು. ಇಂದೂ ಬೆಳಿಗ್ಗೆ ಶಾಲೆಗೆ ಹೋಗುವಾಗ ಪಡಸಾಲೆ ದಾಟಬೇಕು. ದಾಟುವಾಗ ಗಂಡನ ಹತ್ತಿರ ಒಗೆದು ಮಡಿಸಿದ ಅಂಗಿಯನ್ನೋ ಓದಿ ಮುಗಿಸಿದ ವೃತ್ತಪತ್ರಿಕೆಯನ್ನೋ ಇಟ್ಟು, ಮಾತಾಡದೆ ಹೋಗುತ್ತಿದ್ದಳು. ಸಂಜೆ ಬರುವಷ್ಟರಲ್ಲಿ ಅವನು ಆಕೆಯ ಹರಿದ ಚಪ್ಪಲಿಗೆ ಹೆಬ್ಬೆರಳಿನ ಪಟ್ಟಿ ಹೊಲಿದಿಟ್ಟಿರುತ್ತಿದ್ದ.

ಒಂದು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಅವರಿಬ್ಬರ ಮಾತು ಗೋದಾಬಾಯಿಯ ಕಿವಿಗೆ ಬಿತ್ತು.

“ನಾ ಕಣ್ಣ ಮುಂದ ಇದ್ದೀನಿ. ಕುಂಕುಮ ಹಚ್ಚಿಕೊಳ್ಳಾಕ ಯಾರ ಅಪ್ಪಣಿ ಬೇಕು?”

“ನಿಮಗ ಸಿಟ್ಟು ಬಂದು ಒಂದಿನ ಟ್ರಂಕ್ ಎತ್ತಿಕೊಂಡು ಹೋಗಿಬಿಟ್ರ? ಒಮ್ಮೆ ಒರಸ್ಯಾರ. ಎರಡನೇ ಸಲ ಒರಸಿಸಿಕೊಳ್ಳೋ ಶಕ್ತಿ ನನಗಿಲ್ಲ” ಎಂದಳು ಇಂದೂ. ಬಟ್ಟೆ ಹಿಂಡುವ ಸದ್ದು ಬಹಳ ಹೊತ್ತು ಕೇಳಿಸಿತು.

ಮಾರ್ಚ್ ಕೊನೆಗೆ ಒಂದೇ ದಿನ ಎರಡು ಪತ್ರ ಬಂದವು. ಧಾರವಾಡದ ಪತ್ರವನ್ನು ರಾಯರು ಪಡಸಾಲೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದರು. ದಹನವಾದವನು ತಿರುಗಿ ಬಂದರೆ ಅವನು ಮತ್ತೆ ಹುಟ್ಟಬೇಕು. ತುಪ್ಪದಲ್ಲಿ ಮೀಯಿಸಿ, ಕೂಸಿನಂತೆ ಜಾತಕರ್ಮ, ನಾಮಕರಣ, ಮುಂಜಿ ಎಲ್ಲ ಮಾಡಿಸಬೇಕು. ಹನ್ನೆರಡು ದಿನ ವ್ರತ. ಆಮೇಲೆ ಅದೇ ಹೆಂಡತಿಯೊಂದಿಗೆ ಮತ್ತೆ ವಿವಾಹ. ಅದಕ್ಕೂ ಮೊದಲು, ಸಮುದ್ರ ದಾಟಿ ಕಂಡಕಂಡವರ ಕೂಡ ಉಂಡದ್ದಕ್ಕೆ ಪ್ರಾಯಶ್ಚಿತ್ತ.

“ಒಂದು ಕೊಡ ತುಪ್ಪಕ್ಕ ಯಾವ ರೇಶನ್ ಅಂಗಡಿ ಮುಂದ ಪಾಳಿ ಹಚ್ಚಬೇಕಂತ ಬರದಾರೇನು?” ಎಂದ ಅವಧೂತ.

“ಚೇಷ್ಟಾ ಬ್ಯಾಡ.”

“ಚೇಷ್ಟಾ ಅಲ್ಲಪ್ಪಾ. ಹುಟ್ಟು ಅಂದ್ರ ಹುಟ್ಟತೀನಿ, ತೊಟ್ಟಲದಾಗ ಮಲಗು ಅಂದ್ರ ಕಾಲು ಮಡಿಚಿ ಮಲಗತೀನಿ. ಆ ಪ್ರಾಯಶ್ಚಿತ್ತ ಮಾತ್ರ ಆಗೂದಿಲ್ಲ.”

“ಯಾಕ ಆಗೂದಿಲ್ಲ?”

“ಮಲಾಯಾದಾಗ ನನಗ ಜ್ವರ ಬಂದು ರಬ್ಬರ್ ತೋಟದಾಗ ಬಿದ್ದಿದ್ದೆ. ಒಬ್ಬಾಕಿ ತಮಿಳು ಹೆಣ್ಣುಮಗಳು ಹದಿನೆಂಟು ದಿನ ಗಂಜಿ ಕುಡಿಸಿದಳು. ಆಕಿ ಗಂಡನ್ನ ಜಪಾನ್ಯಾರು ರೈಲ್ವೇ ಕೆಲಸಕ್ಕ ಎಳಕೊಂಡು ಹೋಗಿದ್ರು. ಆಕಿಗೇ ಅಕ್ಕಿ ಇರಲಿಲ್ಲ. ಫೌಜಿನ್ಯಾಗ ಒಂದಽ ಹಂಡೇದಾಗಿಂದು ಎಲ್ಲಾರೂ ಉಂಡಿವಿ. ಹಂಡೇ ಹೊರತಿದ್ದ ಪಂಜಾಬಿ ಗುಂಡು ಬಿದ್ದು ಸತ್ತ. ಅವರ ಕೈಯಾಗ ಉಂಡದ್ದು ಪಾಪ ಅಂತ ನಾ ಮಂತ್ರ ಹೇಳಲೇನು?”

ರಾಯರು ಎರಡನೆಯ ಪತ್ರ ಮುಂದೆ ಹಿಡಿದರು. “ಹಂಗಾದ್ರ ಇದನ್ನ ಓದು. ಬೆಳಗಾವಿದು. ಭಾಮಾಗ ಏಳನೇ ತಿಂಗಳು. ಚೊಚ್ಚಲು. ‘ನಿಮ್ಮ ಮನೆಯ ವಿಷಯ ಮೊದಲು ಶುದ್ಧ ಮಾಡಿಕೊಳ್ಳಿರಿ, ಆ ಮೇಲೆ ಬಾಣಂತನಕ್ಕೆ ಕಳಿಸುವ ಮಾತು’ ಅಂತಾರ. ಆ ಹುಡುಗಿ ಅಲ್ಲಿ ತವರಿಲ್ಲದಾಕಿ ಹಂಗ ಕೂಡಬೇಕೇನು?”

“ಆಕಿ ಮದಿವಿಗಂತ ನನ್ನ ಸುಟ್ಟಿರಿ. ಈಗ ಆಕಿ ಬಾಣಂತನಕ್ಕ ಏನು ಮಾಡ್ತೀರಿ?”

ಮಾತು ಬಾಯಿಂದ ಬಿದ್ದ ಮೇಲೆ ಅವನೇ ತಲೆ ತಗ್ಗಿಸಿದ. ರಾಯರು ಪತ್ರ ಮಡಿಸಿ ಕಿಸೆಗೆ ಹಾಕಿಕೊಂಡು ಒಳಗೆ ಹೋದರು. ಅಂದು ಯಾರೂ ಸರಿಯಾಗಿ ಉಣ್ಣಲಿಲ್ಲ. ಉಳಿದ ಅನ್ನಕ್ಕೆ ಗೋದಾಬಾಯಿ ನೀರು ಹಾಕಿಟ್ಟಳು.

ಸೋಮವಾರ ಶಿವಪುತ್ರಪ್ಪ ಬಂದ. ಅವಧೂತನ ಜೊತೆ ಫೌಜಿನಲ್ಲಿ ಇದ್ದವನು, ಗೋಕಾಕದ ಕಡೆಯವನು. ಈಗ ಸೋದರಮಾವನ ಲಾರಿ ನಡೆಸುತ್ತಿದ್ದ. ಪುಣೆಯಿಂದ ಸಾಮಾನು ತುಂಬಿಕೊಂಡು ಕಾತ್ರಜದ ಘಾಟು ಏರಿ ಬೆಳಗಾವಿಗೆ. ಒಳಗೆ ಬರದೆ ಬಾಗಿಲಲ್ಲೇ ಕೈಮುಗಿದು ನಿಂತ.

“ನಮಸ್ಕಾರ್ರೀ ಅವ್ವಾರ. ಶುಕ್ರವಾರ ಲಾರಿ ಹೊಂಡತೈತಿ. ಇವರು ಬರ್ತೀನಿ ಅಂದಾರ. ನನಗೂ ಜೋಡಿ ಒಬ್ಬರು ಬೇಕಾಗ್ಯಾರ, ಲೆಕ್ಕಪತ್ರ ಬಲ್ಲವರು. ಇರಾಕ ಖೋಲಿ ಐತ್ರಿ.”

“ಎಷ್ಟು ದಿನಕ್ಕ?” ಎಂದಳು ಗೋದಾಬಾಯಿ.

ಶಿವಪುತ್ರಪ್ಪ ಗೆಳೆಯನ ಮುಖ ನೋಡಿದ. ಅವಧೂತ ಟ್ರಂಕಿನ ಕೊಂಡಿ ಹಾಕಿದ.

ಬಾಗಿಲಲ್ಲಿ ಕೈಮುಗಿದು ನಿಂತ ಆ ಪರಸ್ಥಳದ ಗಂಡಸನ್ನು ನೋಡುತ್ತ ಗೋದಾಬಾಯಿಗೆ ಹಿಂದೊಮ್ಮೆ ಸುದ್ದಿ ತಂದಿದ್ದ ಇನ್ನೊಬ್ಬನು ನೆನಪಾದ. ಹಿಂದಿನ ಮಹಾಯುದ್ಧದಲ್ಲಿ ಆಕೆಯ ಗಂಡ ಮಾರ್ತಾಂಡರಾಯ ಬಸರಾದ ಬಂದರಿಗೆ ಗುಮಾಸ್ತನಾಗಿ ಹೋದವನು ಮರಳಲಿಲ್ಲ. ಅವನಿಗೂ ಹೀಗೆಯೇ ಕಾಗದ ಬಂದಿತ್ತು, ಹೀಗೆಯೇ ತೊಟ್ಟುಗಳನ್ನು ಸುಟ್ಟಿದ್ದರು. ಹತ್ತೊಂಬತ್ತನೆಯ ವಯಸ್ಸಿಗೆ ತಲೆ ಬೋಳಾಗಿ, ಕೆಂಪು ಸೀರೆ ಉಟ್ಟು ಆಕೆ ಅಣ್ಣನ ಮನೆ ಸೇರಿದಳು. ಇಪ್ಪತ್ತೊಂದನೆಯ ಇಸವಿಯಲ್ಲಿ ಒಬ್ಬ ಮನುಷ್ಯ ಇದೇ ಬಾಗಿಲಲ್ಲಿ ನಿಂತು, ಬಸರಾದ ಆಸ್ಪತ್ರೆಯಲ್ಲಿ ಆ ಹೆಸರಿನ ರೋಗಿಯನ್ನು ಕಂಡಿದ್ದೆ, ಮಾತು ಸ್ವಲ್ಪ ತಪ್ಪಿತ್ತು, ಕನ್ನಡ ಆಡುತ್ತಿದ್ದ ಎಂದು ಹೇಳಿದ. ಅಣ್ಣ ಅವನಿಗೆ ಚಹಾ ಕೊಟ್ಟು ಕಳಿಸಿದರು. “ಹೆಸರು ಒಂದಽ ಇರತಾವ. ಕ್ರಿಯಾ ಮುಗದಾವ. ಮತ್ತ ಆ ಮಾತು ಯಾಕ?” ಎಂದರು. ಒಳಗೆ ಬೇಳೆ ಆರಿಸುತ್ತಿದ್ದ ಗೋದಾಬಾಯಿ ಎದ್ದು ಬಂದು ಒಂದು ಮಾತು ಕೇಳಬಹುದಾಗಿತ್ತು. ಕೇಳಲಿಲ್ಲ. ಬೇಳೆ ಆರಿಸಿದಳು.

ಗುರುವಾರ ನಸುಕಿನಲ್ಲಿ ಆಕೆ ಮಿಂದು ಅಂಗಳದ ನಳದ ಹತ್ತಿರ ಬಂದಳು. ಅವಧೂತ ಮೆಟ್ಟಿಲ ಮೇಲೆ ಕೂತು ಬೇವಿನ ಕಡ್ಡಿ ಅಗಿಯುತ್ತಿದ್ದ. ಆಕೆ ಖಾಲಿ ತಾಮ್ರದ ಕೊಡವನ್ನು ಅವನ ಮುಂದೆ ಇಟ್ಟಳು.

“ಅವಧೂ, ತುಂಬಿ ಒಳಗ ತಂದಿಡು.”

“ಅತ್ಯಾ, ನಿನ್ನ ಮಡಿ?”

“ಮಡಿ ನಂದು. ಅದರ ಚಿಂತಿ ನಿನಗ ಯಾಕ? ಕೊಡ ಎತ್ತು. ನನ್ನ ಮಣಿಕಟ್ಟು ನೋಯ್ತದ.”

ಅವನು ಕೊಡ ತುಂಬಿ, ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಒಳಗೆ ಕಾಲಿಟ್ಟ. ಅಡಿಗೆಮನೆಯ ಮೂಲೆಯಲ್ಲಿ ಇಳಿಸುವಾಗ ನೀರು ತುಳುಕಿ ಆಕೆಯ ಪಾದದ ಮೇಲೆ ಬಿತ್ತು. ಆಕೆ ಸರಿಯಲಿಲ್ಲ. ಅದೇ ನೀರಿನಲ್ಲಿ ಅಕ್ಕಿ ತೊಳೆದಳು, ಬೇಳೆ ಇಟ್ಟಳು.

ಮಧ್ಯಾಹ್ನ ರಾಯರು ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ಮಣೆ ಇತ್ತು. ಅವರು ಅದನ್ನು ನೋಡಿದರು, ತಂಗಿಯನ್ನು ನೋಡಿದರು.

“ನೀರು ಯಾರು ತಂದ್ರು?”

“ಅವಧೂ ತಂದಾನ.”

ರಾಯರು ಊಟಕ್ಕೆ ಮೊದಲು ಚಿತ್ರಾವತಿಯ ಅಗುಳಿಡಲು ಎತ್ತಿದ ಕೈಯನ್ನು ಹಾಗೇ ಇಳಿಸಿದರು. “ಗೋದಾ, ಮೂವತ್ತು ವರ್ಷ ನಿನ್ನ ಮಡಿಗೆ ನಾವೆಲ್ಲಾ ಅಂಜಿ ನಡದೀವಿ.”

“ನಾನೂ ಅಂಜಿ ನಡದೆ ಅಣ್ಣಾ. ಬಸರಾದಿಂದ ಒಬ್ಬಾಂವ ಬಂದಿದ್ದ. ನಿನಗ ನೆನಪದ?”

ರಾಯರು ತಾಟಿನ ಕಡೆ ನೋಡಿದರು.

“ಅಂವಗ ನೀ ಚಹಾ ಕೊಟ್ಟು ಕಳಿಸಿದಿ. ನಾ ಒಳಗ ಇದ್ದೆ. ನಾನೂ ಕೇಳಲಿಲ್ಲ. ನಿನ್ನೊಬ್ಬನ ತಪ್ಪು ಅನ್ನೂದಿಲ್ಲ” ಎಂದಳು ಗೋದಾಬಾಯಿ ಮೆಲ್ಲಗೆ. “ಆದ್ರ ಇಂವ ತಾನಾಗೇ ನಡಕೋತ ಬಂದಾನ. ಇಂವಗ ನಾ ಎರಡನೇ ಸಲ ತೊಟ್ಟು ಎಣಿಸಿ ಕೊಡಾಂಗಿಲ್ಲ.”

ರಾಯರು ಎದ್ದುಹೋದರು. ಪಡಸಾಲೆಗೆ ಹೋಗಿ ಮಗನ ಚಾಪೆಯ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಇದ್ದಲಿಯ ಶೆಗಡಿ, ಒಂದು ಪಾತ್ರೆ, ಒಂದು ಮುಷ್ಟಿ ಅಕ್ಕಿ ಕೇಳಿ ತರಿಸಿಕೊಂಡರು. ಅರವತ್ತೆರಡು ವರ್ಷದಲ್ಲಿ ಅವರು ಒಲೆ ಹೊತ್ತಿಸಿದವರಲ್ಲ. ಹೊಗೆ ಓಣಿಯವರೆಗೆ ಹೋಯಿತು. ಅನ್ನದ ತಳ ಸೀದು, ಮೇಲೆ ಅಕ್ಕಿಯೇ ಉಳಿಯಿತು.

ಮೇಲಿನ ಮನೆಯ ಮರಾಠಿ ಮುದುಕಿ ಗೌರಾಬಾಯಿ ಕಟಾಂಜನದಿಂದ ಬಗ್ಗಿ, “ಕಾಯ್ ಹೋ ರಾವಸಾಹೇಬ, ಸ್ವಯಂಪಾಕ?” ಎಂದು ಕೇಳಿದಳು.

“ವ್ರತ ಆಹೆ” ಎಂದರು ರಾಯರು ಕೆಮ್ಮುತ್ತ.

ಆ ಸಂಜೆ ಅವರು ಮಜ್ಜಿಗೆಯನ್ನೂ ಒಳಗಿನದು ಬೇಡವೆಂದರು. ಗೋದಾಬಾಯಿ ಮಜ್ಜಿಗೆ ಮುಚ್ಚಿಟ್ಟಳು. ಒಬ್ಬನನ್ನು ಒಳಗೆ ಕರೆದರೆ ಇನ್ನೊಬ್ಬ ಹೊರಗೆ ಹೋದ. ಅಣ್ಣನಿಗೆ ಪಿತ್ತದ ಬಾಧೆ. ಒಂದು ಹೊತ್ತು ತಪ್ಪಿದರೆ ತಲೆ ಸುತ್ತುತ್ತದೆ.

ಶುಕ್ರವಾರ ಬೆಳಿಗ್ಗೆ ಓಣಿಯ ಬಾಯಲ್ಲಿ ಲಾರಿ ಬಂದು ನಿಂತಿತು. ಮಧ್ಯಾಹ್ನದ ತನಕ ಕಾಯುತ್ತೇನೆಂದು ಶಿವಪುತ್ರಪ್ಪ ಹೇಳಿಕಳಿಸಿದ. ಇಂದೂ ಎಂದಿನಂತೆ ಬರಿಯ ಹಣೆಯಲ್ಲಿ ಶಾಲೆಗೆ ಹೊರಟಳು. ಟ್ರಂಕು ಹೊಸ್ತಿಲ ಹತ್ತಿರ ಇತ್ತು. ಆಕೆ ಅದನ್ನು ನೋಡಿ, ದಾಟಿ, ತಿರುಗಿ ಬಂದು, ಅದರ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಹೋದಳು.

“ನಾ ಹೋಗತೀನಿ ಅತ್ಯಾ” ಎಂದ ಅವಧೂತ. “ನಾ ಹೋದ್ರ ಅಪ್ಪ ಉಣ್ತಾರ. ಭಾಮಾನೂ ಬರ್ತಾಳ. ಅಷ್ಟು ದೂರದಿಂದ ಬಂದದ್ದು ಅಪ್ಪನ್ನ ಉಪವಾಸ ಕೆಡವಾಕ ಅಲ್ಲ.”

“ಊಟ ಮಾಡಿ ಹೋಗು” ಎಂದು ಆಕೆ ಒಲೆಯ ಕಡೆ ತಿರುಗಿದಳು.

ಹನ್ನೆರಡರ ಹೊತ್ತಿಗೆ ರಾಯರು ಮತ್ತೆ ಶೆಗಡಿಯ ಮುಂದೆ. ಊದಿ ಊದಿ ಕಣ್ಣು ಕೆಂಪಾಗಿದ್ದವು. ಪಾತ್ರೆ ಇಳಿಸಲು ಹೋಗಿ ಬೆರಳು ಸುಟ್ಟುಕೊಂಡು, ಯಾರಿಗೂ ಕಾಣದಂತೆ ಬಾಯಲ್ಲಿಟ್ಟುಕೊಂಡರು. ಕಿಟಕಿಯಿಂದ ಗೋದಾಬಾಯಿ ನೋಡಿದಳು. ಬಾಗಿಲಲ್ಲಿ ನಿಂತ ಅವಧೂತನೂ ನೋಡಿದ.

ಅವನು ಒಳಗೆ ಬಂದ. ಯಾರನ್ನೂ ಕೇಳದೆ ತಂದೆಯ ತಾಟು ತೆಗೆದುಕೊಂಡು ಅನ್ನ ಹಾಕಿದ, ನಡುವೆ ಗುಂಡಿ ಮಾಡಿ ಸಾರು ಹಾಕಿದ, ಪಲ್ಯ ಬದಿಗಿಟ್ಟ. ಹೊರಗೆ ಹೋಗಿ ತಂದೆಯ ಮುಂದೆ ಬಗ್ಗಿ ತಾಟು ಹಿಡಿದ. ರಾಯರು ಶೆಗಡಿಯನ್ನೇ ನೋಡುತ್ತಿದ್ದರು. ಅವನು ಹಿಡಿದೇ ಇದ್ದ.

“ತಾಟು ಬಿಸಿ ಅದ ಅಪ್ಪಾ. ಕೈ ಸುಡತದ. ಹಿಡೀರಿ.”

ರಾಯರು ತಲೆ ಎತ್ತಿದರು. ಮಗನ ಬೆರಳ ತುದಿಗಳು ಕೆಂಪಾಗಿದ್ದವು. ಅವರು ತಟ್ಟನೆ ಎರಡೂ ಕೈ ಚಾಚಿ ತಾಟು ತೆಗೆದುಕೊಂಡು ತೊಡೆಯ ಮೇಲಿನ ಧೋತರದ ಮಡಿಕೆಯಲ್ಲಿ ಇಟ್ಟುಕೊಂಡರು. ಆಮೇಲೆ ಒಂದು ತುತ್ತು ಕಲಸಿದರು. ತಿಂದರು. ಇನ್ನೊಂದು ತಿಂದರು.

“ಸಾರಿಗೆ ಉಪ್ಪು ಕಡಿಮಿ ಆಗೇದ” ಎಂದರು.

ಗೋದಾಬಾಯಿ ಉಪ್ಪು ತಂದು ಹಾಕಿದಳು. ಅವಸರದಲ್ಲಿ ಹೆಚ್ಚೇ ಬಿತ್ತು. ರಾಯರು ಅದನ್ನೇ ಕಲಸಿಕೊಂಡರು. ತಾಟು ಖಾಲಿಯಾಗುವ ತನಕ ಉಂಡು, ಕೈ ತೊಳೆದು, ಕಚೇರಿಯಲ್ಲಿ ಅಪ್ಪಣೆ ಕೊಡುವ ಹಳೆಯ ದನಿಯಲ್ಲಿ ಹೇಳಿದರು:

“ಆ ಲಾರಿಯವ ಮುಂಜಾನಿಂದ ಬಿಸಿಲಾಗ ನಿಂತಾನ. ಬೆಳಗಾವಿ ತನಕಾ ಒಬ್ಬನಽ ಹೋಗಬೇಕು. ಒಂದು ಬುತ್ತಿ ಕಟ್ಟಿಕೊಡು.”

ಅವಧೂತ ಟ್ರಂಕಿನ ಮೇಲೆ ಹಾಗೇ ಕುಸಿದು ಕೂತ. ಭಾಮಾಳ ಮಾತು ಯಾರೂ ಎತ್ತಲಿಲ್ಲ. ಬೆಳಗಾವಿಯ ಪತ್ರ ರಾಯರ ಕಿಸೆಯಲ್ಲೇ ಇತ್ತು.

ಗೋದಾಬಾಯಿ ನಾಲ್ಕು ಚಪಾತಿ, ಅಗಸಿ ಹಿಂಡಿ, ಮೊಸರನ್ನ ಕಟ್ಟಿಕೊಂಡು ಓಣಿಗುಂಟ ನಡೆದಳು. ಶಿವಪುತ್ರಪ್ಪ ಲಾರಿಯಿಂದ ಧುಮುಕಿ ಎರಡೂ ಕೈಯಲ್ಲಿ ಬುತ್ತಿ ಇಸಿದುಕೊಂಡ. ಆಕೆಯ ಹಿಂದೆ ಓಣಿಯುದ್ದಕ್ಕೂ ಕಣ್ಣಾಡಿಸಿದ. ಯಾರೂ ಬರುತ್ತಿರಲಿಲ್ಲ. ಬುತ್ತಿಯನ್ನು ಪಕ್ಕದ ಖಾಲಿ ಸೀಟಿನ ಮೇಲೆ, ಉರುಳದಂತೆ ಜೋಪಾನವಾಗಿ ಇಟ್ಟ.